ಹಿಂದಕ್ಕೆ ಓಡಿದ ಅಮೆರಿಕದ ರೈಲು

ಕೊನೆಯ ಬೆಡ್‌ಶೀಟಿನ ಕೆಳಮೂಲೆಯಲ್ಲಿ ಒಂದು ಕಿತ್ತಳೆ ಗಿಡವಿತ್ತು. ಅದು ಅಲ್ಲಿ ಇರಬಾರದಿತ್ತು. ಬಟ್ಟೆಯ ಮೇಲೆ ಬರೆಯಬೇಕಿದ್ದದ್ದು ಅಮೆರಿಕದ ಹುಲ್ಲುಗಾವಲು.

“ಬರೀ ಹುಲ್ಲು ಬರೆದೂ ಬರೆದೂ ತಲೆ ಕೆಟ್ಟುಹೋಯ್ತು ಟೀಚರೇ,” ಎಂದರು ಡ್ರಾಯಿಂಗ್ ಮೇಷ್ಟ್ರು ಕುಶಾಲಪ್ಪ. “ಅಲ್ಲಿ ಒಂದು ಗುಡ್ಡವಾದ್ರೂ ಇಲ್ವಾ?”

“ದಿನವಿಡೀ ಹೋದರೂ ಇಲ್ಲ,” ಎಂದೆ.

“ಮತ್ತೆ ಜನ ಅಲ್ಲಿಗೆ ಯಾಕೆ ಹೋಗ್ತಾರೆ?”

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯ ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಮೈಸೂರಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ನನ್ನ ಭೂಗೋಳದ ಕೆಲಸ ಕಾಯಂ ಆಗುವುದು ಅವರ ಒಂದು ಮಾತಿನ ಮೇಲೆ ನಿಂತಿತ್ತು. ಜಿಲ್ಲೆಯಲ್ಲಿ ರೈಲೇ ಇಲ್ಲದ್ದರಿಂದ ಮಕ್ಕಳಿಗೆ ರೈಲಿನ ಆಟವೊಂದನ್ನು ಮಾಡುವುದೆಂದು ತೀರ್ಮಾನವಾಗಿತ್ತು. ಬೆಂಚಿನ ಮೇಲೆ ಕೂತವರ ಪಕ್ಕದಲ್ಲಿ ಕಿಟಕಿಯ ಚೌಕಟ್ಟು. ಅದರಾಚೆ ಬೆಡ್‌ಶೀಟುಗಳನ್ನು ಜೋಡಿಸಿದ ಚಿತ್ರದ ಬಟ್ಟೆಯನ್ನು ಒಂದು ಬಿದಿರಿನಿಂದ ಇನ್ನೊಂದಕ್ಕೆ ಸುತ್ತುತ್ತಿದ್ದರೆ, ತಾವೇ ಪ್ರಯಾಣಿಸಿದಂತೆ ಅನಿಸಬೇಕು.

“ಮೈಸೂರು-ಬೆಂಗಳೂರು ಲೈನು ಸಾಕಲ್ಲ,” ಎಂದಿದ್ದರು ಆ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ.

ಸಭೆಗಳಲ್ಲಿ ನಾನು ಬಾಯಿ ಬಿಡುವವಳಲ್ಲ. ಅಂದು ಬಿಟ್ಟೆ. ಅಮೆರಿಕದ ಪೂರ್ವ ಪಶ್ಚಿಮಗಳನ್ನು ಮೊದಲ ಬಾರಿಗೆ ಜೋಡಿಸಿದ ಐತಿಹಾಸಿಕ ಮಾರ್ಗವನ್ನು ಸವಿನಯವಾಗಿ ಸೂಚಿಸಿದೆ. ವಿಶ್ವವಿದ್ಯಾನಿಲಯದಲ್ಲಿ ಅದರ ಬಗ್ಗೆ ಬಹಳ ಓದಿದ್ದೆ. ರೈಲಿನಲ್ಲಿ ಕೂತದ್ದು ಮಾತ್ರ ಒಂದೇ ಸಲ. ಆಗಲೂ ನಿದ್ದೆ ಹೋಗಿದ್ದೆ.

ಪ್ರದರ್ಶನದ ದಿನ ಬಟ್ಟೆಯ ಹಿಂದೆ ನಿಂತು, “ಬೆಂಚುಗಳ ಮುಖ ಎಡಕ್ಕೆ,” ಎಂದು ಖಚಿತವಾಗಿ ಆಜ್ಞಾಪಿಸಿದೆ. ಬೆಂಚು ಹಾಕುತ್ತಿದ್ದ ಜವಾನ ಚಿಣ್ಣಪ್ಪ ಬಟ್ಟೆಯ ಮುಂದೆ, ನನಗೆ ಎದುರಾಗಿ ನಿಂತಿದ್ದ. ನನ್ನ ಎಡ ಅವನಿಗೆ ಬಲವೆಂಬುದು ಭೂಗೋಳದ ಪದವೀಧರೆಗೆ ಹೊಳೆಯಲಿಲ್ಲ.

ಸಾಹೇಬರು ಕುಶಾಲನಗರದಿಂದ ಈಚೆಗಿನ ತಿರುವುಗಳನ್ನೆಲ್ಲ ಸುತ್ತಿ ಆಗಷ್ಟೇ ಬಸ್ಸಿಳಿದಿದ್ದರು. ಅವರೇ ಮೊದಲ ಪ್ರಯಾಣಿಕರು. ಸೀಟಿ ಊದಿದೆ. ಚಿಣ್ಣಪ್ಪ ಬಿದಿರು ತಿರುಗಿಸಿದ.

“ಏನಮ್ಮಾ, ನಾವು ಹಿಂದಕ್ಕೆ ಹೋಗ್ತಾ ಇದ್ದೀವಾ?”

“ಇಲ್ಲ ಸಾರ್. ಬಯಲು ವಿಶಾಲವಾದ್ದರಿಂದ ಹಾಗೆ ಭಾಸವಾಗುತ್ತದೆ.”

ಆ ಭಾಸವನ್ನು ನಿವಾರಿಸಲು ವೇಗ ಹೆಚ್ಚಿಸುವಂತೆ ಚಿಣ್ಣಪ್ಪನಿಗೆ ಸನ್ನೆ ಮಾಡಿದೆ. ಹುಲ್ಲು ಸಾಹೇಬರ ಬೆನ್ನ ಹಿಂದಿನಿಂದ ಬಂದು ಮುಂದಕ್ಕೆ ಓಡತೊಡಗಿತು. ಅವರ ಮುಖವೂ ಹುಲ್ಲಿನ ಬಣ್ಣಕ್ಕೆ ತಿರುಗಿತು.

ಮೊಮ್ಮಗಳ ಜೊತೆ ಮೂರ್ನಾಡಿನಿಂದ ಬಂದಿದ್ದ ಅಜ್ಜಿಯೊಬ್ಬರು ಎದ್ದು ನಿಂತರು. “ಪಾಪ, ಇವ್ರಿಗೆ ಬಸ್ಸು ಆಗುದಿಲ್ಲ. ನಿಂಬೆಹಣ್ಣು ಯಾರ ಹತ್ರ ಉಂಟು?”

“ಬಸ್ಸಲ್ಲ ಅಜ್ಜಿ, ರೈಲು,” ಎಂದು ತಿದ್ದಿದೆ.

“ಯಾವ್ದಾದ್ರೂ ಆಗ್ಲಿ. ಸಾರ್, ಕಿಟಕಿಯಿಂದ ತಲೆ ಹೊರಗೆ ಹಾಕಿ!”

ಬಸ್ಸಿನ ಅಭ್ಯಾಸವಿದ್ದ ಸಾಹೇಬರು ತಡಮಾಡದೆ ಕಿಟಕಿಯಾಚೆ ತಲೆ ಹಾಕಿದರು. ಕಿಟಕಿಯಾಚೆ ಅಮೆರಿಕವಿತ್ತು.

ಐತಿಹಾಸಿಕ ಮಾರ್ಗದಲ್ಲಿ ಸಂಚಾರ ಅಲ್ಲಿಗೆ ಸ್ಥಗಿತಗೊಂಡಿತು.

ಸಂಜೆ ಮುಖ್ಯೋಪಾಧ್ಯಾಯಿನಿಯವರು ಕರೆಸಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಕಾಯಂ ಮಾಡೋ ವಿಷಯ ಸದ್ಯಕ್ಕೆ ಎತ್ತಬೇಡಿ ಅಂದ್ರು ಸಾಹೇಬ್ರು. ನೀವು ಹೊಲಿಗೆ ಕ್ಲಾಸ್ ತಗೊಳ್ಳಿ.”

“ಭೂಗೋಳ ಮೇಡಂ?”

“ಕುಶಾಲಪ್ಪ ಮೇಷ್ಟ್ರು ನೋಡ್ಕೊಳ್ತಾರೆ. ಅಮೆರಿಕ ಅವ್ರೇ ಬರೆದದ್ದಲ್ವಾ?”

ಮರುದಿನ ಬೆಳಿಗ್ಗೆ ಹೊಲಿಗೆ ಕೋಣೆಗೆ ಹೋದೆ. ಹುಡುಗಿಯರು ಎದ್ದು ನಿಂತು ನಮಸ್ಕರಿಸಿದರು. ಕುಳಿತುಕೊಳ್ಳಲು ಹೇಳಿ, ಗಂಭೀರವಾಗಿ ಸೂಜಿಗೆ ದಾರ ಪೋಣಿಸಲು ತೊಡಗಿದೆ. ಹೋಗಲಿಲ್ಲ. ಬೆಳಕು ಸಾಲದೆಂದು ಕಿಟಕಿಯ ಹತ್ತಿರ ಸರಿದು ನೋಡಿದೆ. ಆಗಲೂ ಹೋಗಲಿಲ್ಲ. ಕೊನೆಗೆ, ನಿಮಗೆ ಬರುತ್ತದೆಯೋ ನೋಡೋಣ ಎಂದು, ಮುಂದಿನ ಬೆಂಚಿನ ಹುಡುಗಿಯ ಕೈಗೆ ಕೊಟ್ಟೆ.