ಎತ್ತರದ ಗಾಡಿಯಲ್ಲಿ ಹೆಣ್ಣು ನೋಡಲು ಹೋದದ್ದು

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ನನ್ನ ಬಾಮೈದ ಮುನಿರಾಜನ ಬೈಕಿನ ಹಿಂದೆ ಹತ್ತಿ ಕುಳಿತೆ. ಕೆಡುಕು ಶುರುವಾದದ್ದು ಆ ನಿಮಿಷಕ್ಕೇ ಎಂದು ಆಣೆ ಮಾಡಿ ಹೇಳಬಲ್ಲೆ. ಕುಳ್ಳಗಿರುವ ಗಂಡಸರು ಎತ್ತರ ಕಾಣಲು ಏನೇನೋ ಮಾಡುತ್ತಾರೆ. ಹಿಮ್ಮಡಿ ದಪ್ಪಗಿರುವ ಬೂಟು ಹಾಕುತ್ತಾರೆ, ಕೂದಲನ್ನು ಮೇಲಕ್ಕೆ ಬಾಚುತ್ತಾರೆ. ಮುನಿರಾಜ ಬೈಕನ್ನೇ ಎತ್ತರ ಮಾಡಿಸಿದ್ದ. ಬಂಗಾರಪೇಟೆಯ ಲೇತ್ ಅಂಗಡಿಯಲ್ಲಿ ಎರಡು ಪೈಪ್ ತುಂಡು ಮಾಡಿಸಿ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಎರಡೂ ಕಾಲಿನ ಮೇಲ್ತುದಿಗೆ ಒಂದೊಂದು ತಿರುಗಿಸಿ ಕೂರಿಸಿದ್ದ. ಗಾಡಿ ಮುಂಗಾಲೆತ್ತಿದ ಹೋರಿಯ ಹಾಗೆ ಕಾಣುತ್ತಿತ್ತು. ಚಿನ್ನದ ಗಣಿಯ ಊರು ಕೋರಮಂಡಲ್‌ನಲ್ಲಿ ಅವತ್ತು ಅವನು ಹೆಣ್ಣು ನೋಡಬೇಕಿತ್ತು. ಹಿಂದೆ ನೋಡಿದ ಕಡೆಯವರೆಲ್ಲ ‘ಹುಡುಗ ಕುಳ್ಳ’ ಎಂದು ಬೇಡವೆಂದಿದ್ದರು. ಇದೂ ತಪ್ಪಿದರೆ ಮದುವೆಯೇ ಬೇಡ ಎಂದು ಅವನು ಅಕ್ಕನ ಮುಂದೆ ಕಣ್ಣೀರು ಹಾಕಿದ್ದ. ಆ ಅಕ್ಕ ನನ್ನ ಹೆಂಡತಿಯಾದ್ದರಿಂದ ನಾನು ಹೊರಡಲೇಬೇಕಾಯಿತು.

ಗಾಡಿ ಎತ್ತರವಾಯಿತೇ ಹೊರತು ಮುನಿರಾಜನ ಕಾಲು ಉದ್ದವಾಗಿರಲಿಲ್ಲ. ನಿಲ್ಲಿಸಿದಾಗಲೆಲ್ಲ ಹಿಂದೆ ಕುಳಿತ ಉದ್ದ ಕಾಲಿನ ನಾನೇ ನೆಲಕ್ಕೆ ಕಾಲೂರಬೇಕು. ಸೈಡ್ ಸ್ಟ್ಯಾಂಡೂ ಸಾಲದೆ ಗಾಡಿ ವಾಲುತ್ತಿತ್ತು. ಅದರ ಕೆಳಗಿಡಲೆಂದು ಹಣ್ಣುಕಾಯಿಯ ಚೀಲದಲ್ಲೇ ಅರ್ಧ ಇಟ್ಟಿಗೆ ಹಾಕಿಕೊಂಡಿದ್ದ.

“ಲೇ, ಈ ಪೈಪು ಕಿತ್ಕೊಂಡು ಬರಲ್ವೇನೋ?” ಎಂದೆ.

“ಬಾವಾ, ಬಿಎಸ್ಸಿ ಓದಿರೋದಕ್ಕೇ ನೀವು ಇಂಗೆ ಎದ್ರೋದು. ಸುಮ್ಕೆ ಕುಂತ್ಕಳಿ!”

ಚಾಂಪಿಯನ್ ರೀಫ್ಸ್‌ನ ಇಳಿಜಾರಿನಲ್ಲಿ ಹಂಪ್ ಹಾರಿಸಿದ್ದೇ ತಡ, ಮುಂದೆ ‘ಟಕ್’ ಎಂದಿತು. ಒಂದು ಪೈಪ್ ತುಂಡಿನ ತಿರುಪಿನ ಮರೆ ಕಿತ್ತುಹೋಗಿ ಫೋರ್ಕಿನ ಆ ಕಾಲು ಮೇಲಕ್ಕೆ ಜಾರಿತು. ಹ್ಯಾಂಡಲ್ ಒಂದು ಕಡೆ, ಚಕ್ರ ಎದುರು ಬರುತ್ತಿದ್ದ ಬಸ್ಸಿನ ಕಡೆ. ನಾನು ಕಣ್ಣು ಮುಚ್ಚಿ ಎರಡೂ ಕಾಲನ್ನು ಚಾಚಿ ರಸ್ತೆಗೆ ಊರಿದೆ. ಕಣ್ಣು ಬಿಟ್ಟಾಗ ಬಸ್ಸಿನ ಮೂತಿ ನನ್ನ ಮೊಣಕಾಲಿಗೆ ಬಿಸಿಯುಸಿರು ಬಿಡುತ್ತಿತ್ತು. ಡ್ರೈವರು ತಮಿಳಿನಲ್ಲಿ ಬೈಯಲು ಶುರುಮಾಡಿ, ತೆಲುಗಿನಲ್ಲಿ ಮುಂದುವರಿಸಿ, ಕನ್ನಡದಲ್ಲಿ ಮುಗಿಸಿದ. ನನ್ನ ದುರದೃಷ್ಟಕ್ಕೆ ನನಗೆ ಮೂರೂ ಭಾಷೆ ಬರುತ್ತವೆ.

ಗಾಡಿ ತಳ್ಳಿಕೊಂಡು, ಬೆವರಿಳಿಸುತ್ತಾ ಹುಡುಗಿಯ ಮನೆ ಸೇರಿ, ಅದನ್ನು ಗೋಡೆಗೆ ಒರಗಿಸಿ ಒಳಗೆ ಹೋದೆವು. ಹುಡುಗಿಯ ತಾಯಿ ಚೀಲದಿಂದ ಬಾಳೆಹಣ್ಣು ತೆಗೆದರು, ತೆಂಗಿನಕಾಯಿ ತೆಗೆದರು, ಇಟ್ಟಿಗೆ ತೆಗೆದರು. “ಇದ್ಯಾವ ಶಾಸ್ತ್ರ ಸ್ವಾಮಿ, ನಮ್ ಕಡೆ ಇಲ್ವಲ್ಲ?” ಎಂದರು. ಮುನಿರಾಜ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ. ಒಳಗಿನಿಂದ ಹುಡುಗಿ ಶೋಭಾ ಬಂದಳು. ಅವನಿಗಿಂತ ಒಂದು ಗೇಣು ಎತ್ತರ. ಕಿಟಕಿಯಿಂದ ಗಾಡಿ ನೋಡಿದಳು, ಅವನನ್ನೂ ನೋಡಿದಳು.

“ಮನೇಲಿ ಎತ್ತರಕ್ಕೆ ನಾನೊಬ್ಳು ಸಾಕಲ್ವಾ? ಅದನ್ನ ಇಳಿಸ್ಕಂಡ್ ಬನ್ನಿ, ನಂಗೆ ಒಪ್ಗೆ.”

ಅವನ ಕಥೆ ಸುಖಾಂತವಾಯಿತು. ನನ್ನದಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಸಾಕು, ‘ಟಕ್’ ಎಂದು ಸದ್ದಾಗಿ ಬಸ್ಸು ಬರುತ್ತಿತ್ತು. ನಾನು ಎರಡೂ ಕಾಲು ಚಾಚಿ ಊರುತ್ತಿದ್ದೆ, ಹೆಂಡತಿ ಮಂಚದಿಂದ ಕೆಳಗುರುಳುತ್ತಿದ್ದಳು. ಕೊನೆಗೆ ಮುನಿರಾಜ ಪೈಪ್ ತುಂಡುಗಳನ್ನು ಬಿಚ್ಚಿಸಿ, ಫೋರ್ಕನ್ನು ಮೊದಲಿನಂತೆ ಮಾಡಿಸಿ, ಗಾಡಿ ತಂದು ತೋರಿಸಿದ ಶುಕ್ರವಾರ ರಾತ್ರಿ, ಬೆಳಗಿನವರೆಗೂ ಒಂದೇ ನಿದ್ದೆ ಮಾಡಿದೆ. ಭಯ ಗೆದ್ದ ಹೆಮ್ಮೆಯಿಂದ ಎದ್ದು ಪಕ್ಕಕ್ಕೆ ತಿರುಗಿದರೆ ಹೆಂಡತಿ ಇಲ್ಲ. ಬಾಗಿಲ ಸಂದಿಯಲ್ಲಿ ಇಣುಕಿದರೆ, ಆಚೆ ನಡುಮನೆಯ ಚಾಪೆಯ ಮೇಲೆ ನೆಮ್ಮದಿಯಾಗಿ ಮಲಗಿದ್ದಳು. ನನ್ನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು.