ಹರಕೆಗೆ ಮುಂಚೆ ಒಂದು ಮಣ

ನಾಚಿಕೆಪಡುವ ಸಂಗತಿಗಳು ನನ್ನ ಬಾಳಿನಲ್ಲಿ ಒಂಟಿಯಾಗಿ ಬಂದದ್ದಿಲ್ಲ; ಒಂದಕ್ಕೆ ತಗ್ಗಿಸಿದ ತಲೆ ಎತ್ತುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹೊಸದಾಗಿ ಎದ್ದಿದ್ದ ಕಾಲ. ನಾವು ಮಳವಳ್ಳಿಯಲ್ಲಿದ್ದೆವು. ಅದಕ್ಕೂ ನಾಲ್ಕು ವರ್ಷ ಹಿಂದೆ ನನಗೆ ವಿಷಮಜ್ವರ ಬಂದು ಬದುಕುವುದೇ ಅನುಮಾನವಾದಾಗ, ನಮ್ಮವಳು ಮುತ್ತತ್ತಿಯ ಆಂಜನೇಯಸ್ವಾಮಿಗೆ ನನ್ನ ತೂಕದಷ್ಟು ಬೆಲ್ಲ ಒಪ್ಪಿಸುತ್ತೇನೆಂದು ಹರಕೆ ಹೊತ್ತಿದ್ದಳು. ಆಗ ನಾನು ಕಡ್ಡಿಯಂತಿದ್ದೆ. ತೀರಿಸುವ ಹೊತ್ತಿಗೆ ಜಗಲಿ ಹತ್ತಿದರೂ ಏದುಸಿರು.

೧. ಪಂಡಿತರ ಮಾತು

ಬೆಲ್ಲದ ಮಂಡಿಯ ತಕ್ಕಡಿಯಲ್ಲಿ ಕೂತು ನೋಡಿದೆ: ಆರು ಮಣ. ನಮ್ಮೂರ ಪಂಡಿತರು ನಾಡಿ ಹಿಡಿದು, "ರಾತ್ರಿ ಅನ್ನ ಬಿಡಿ, ಬೆಳಿಗ್ಗೆ ನಡೀರಿ. ತಿಂಗಳಿಗೆ ನಾಲ್ಕು ಸೇರು ಇಳಿದರೆ ಸಾಕು" ಎಂದರು.

"ನಾಲ್ಕೇ ಸೇರೇ? ಸ್ವಾಮಿಯ ಕಾರ್ಯ, ಪಂಡಿತರೇ. ತಿಂಗಳಲ್ಲಿ ಒಂದು ಮಣ ಇಳಿಸುತ್ತೇನೆ."

"ನಲವತ್ತು ಸೇರೇ! ಹಾಗಾದರೆ ಒಂದು ಕಾಲು ಇಲ್ಲೇ ಬಿಟ್ಟು ಹೋಗಿ."

ನಾನು ಮನೆಗೆ ಬಂದು, "ಐದು ಮಣ ಬೆಲ್ಲ ಸಾಕು ಕಣೇ" ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

೨. ದಿನವೂ ಏಕಾದಶಿ

ಹದಿನೈದು ದಿನಕ್ಕೊಮ್ಮೆ ಮಾಡುವ ಏಕಾದಶಿಯನ್ನು ದಿನವೂ ಮಾಡಿದರೆ ಪುಣ್ಯವೂ ಬಂತು, ಮೈಯೂ ಇಳಿಯಿತು ಎಂದುಕೊಂಡೆ. ಅನ್ನ ಮುಟ್ಟಲಿಲ್ಲ. ಬರೀ ಫಲಾಹಾರ: ಬೆಳಿಗ್ಗೆ ಗೋಧಿ ನುಚ್ಚಿನ ಉಪ್ಪಿಟ್ಟು, ಮಧ್ಯಾಹ್ನ ಬಾಳೆಹಣ್ಣಿನ ರಸಾಯನ, ಸಂಜೆ ಮತ್ತೆ ಉಪ್ಪಿಟ್ಟು, ಮೇಲೆ ತುಪ್ಪ.

ಹತ್ತನೆಯ ದಿನ ನಮ್ಮ ತಾಯಿ ಕೈಮುಗಿದರು. "ಇನ್ನಾದರೂ ಊಟ ಮಾಡೋ ಮಗನೇ. ನಿನ್ನ ಉಪವಾಸಕ್ಕೆ ಬೇಯಿಸಿ ಹಾಕಿ ಈ ಮನೇಲಿ ಇಳಿದಿರೋಳು ಸೊಸೆ ಒಬ್ಬಳೇ."

೩. ನಡಿಗೆ

ದಿನಾ ಬೆಳಿಗ್ಗೆ ಹಲಗೂರು ರಸ್ತೆಯಲ್ಲಿ ನಡೆದುಬರುತ್ತೇನೆಂದು ಹೇಳಿ ಹೊರಡುತ್ತಿದ್ದೆ. ನಮ್ಮವಳು ಊರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದಳು.

ಮುತ್ತತ್ತಿಗೆ ಹೊರಟ ದಿನ ನಮ್ಮ ಬಾಡಿಗೆ ಗಾಡಿ ಊರಾಚೆಯ ಗೋಣಿಮರದ ಹತ್ತಿರ ತಟ್ಟನೆ ನಿಂತಿತು. "ಯಾಕಪ್ಪಾ ಎತ್ತುಗಳು ನಿಂತವು?" ಎಂದು ಅವಳು ಕೇಳಿದಳು.

ಗಾಡಿಯವನು, "ಸ್ವಾಮೇರು ದಿನಾ ಗಾಡಿ ಅತ್ತಾದು ಇಲ್ಲೇ ಕಣಮ್ಮ. ಇವತ್ತು ಆಗ್ಲೇ ಒಳೀಕ್ ಕುಂತವ್ರೆ ಅಂತ ಎತ್ತುಗೆ ಎಂಗ್ ಗೊತ್ತಾಯ್ತದೆ?" ಎಂದ.

೪. ತಕ್ಕಡಿ

ದರ್ಶನವಾಗುವ ತನಕ ಬಾಯಿಗೆ ಏನೂ ಹಾಕುವುದಿಲ್ಲವೆಂದು ಹೊರಡುವಾಗಲೇ ಎಲ್ಲರ ಮುಂದೆ ಹೇಳಿದ್ದೆ. ಕಾವೇರಿಯಲ್ಲಿ ಮಿಂದು, ಮಡಿಯುಟ್ಟು, ಶಾಲು ಹೊದ್ದು ಗುಡಿಯ ತಕ್ಕಡಿಯ ತಟ್ಟೆಯಲ್ಲಿ ಕುಳಿತೆ. ಐದು ಮಣ ಬೆಲ್ಲ ಹೇರಿದರು. ನಾನು ಅಲುಗಲಿಲ್ಲ.

ನಮ್ಮವಳು ಗಾಡಿಯವನಿಗೆ ಸನ್ನೆ ಮಾಡಿದಳು. ಅವನು ಹುಲ್ಲಿನಡಿಯಿಂದ ಇನ್ನೊಂದು ಮಣ ಹೊತ್ತು ತಂದ.

"ನಿನಗೆ ಮೊದಲೇ ಗೊತ್ತಿತ್ತೇನೇ?"

"ಮದುವೆಯಾಗಿ ಹದಿನೆಂಟು ವರ್ಷವಾಯ್ತಲ್ಲ!"

ಆದರೂ ನನ್ನ ತಟ್ಟೆ ಒಂದು ಗೇಣು ಕೆಳಗೇ. "ಸರಿಸಮ ತೂಗದೆ ಹರಕೆ ಸಲ್ಲುವುದಿಲ್ಲ" ಎಂದರು ಅರ್ಚಕರು. ಇನ್ನು ಬೆಲ್ಲವಿರಲಿಲ್ಲ. ನಮ್ಮವಳು ತನ್ನ ತಾಯಿ ಕೊಟ್ಟಿದ್ದ ಬೆಳ್ಳಿಯ ಡಾಬನ್ನು ಸೊಂಟದಿಂದ ಬಿಚ್ಚತೊಡಗಿದಳು.

ಅದನ್ನು ನೋಡಲಾರದೆ ಹೋದೆ. ಶಾಲಿನೊಳಗೆ ಕೈಹಾಕಿ, ಬಚ್ಚಿಟ್ಟುಕೊಂಡಿದ್ದ ಚಕ್ಕುಲಿಯ ಗಂಟನ್ನು ತೆಗೆದು ತಲೆ ತಗ್ಗಿಸಿ ಆಚೆ ತಟ್ಟೆಗೆ ಇಟ್ಟೆ. ನನ್ನ ಕಡೆ ಹಗುರಾಯಿತು, ಆ ಕಡೆ ಭಾರವಾಯಿತು. ಮುಳ್ಳು ಬಂದು ನೆಟ್ಟಗೆ ನಿಂತಿತು.

ಅರ್ಚಕರು ಗಂಟಿನ ಮೇಲೆ ತೀರ್ಥ ಪ್ರೋಕ್ಷಿಸಲು ಹೋಗಿ ಕೈ ತಡೆದರು. "ಎಂಜಲಾಗಿಲ್ಲ ತಾನೇ?"

ನಾನು ಶಾಲು ಎಳೆದುಕೊಂಡೆ. ಗಾಡಿಯವನೇ ನನ್ನ ಮಾನ ಉಳಿಸಲು ಮುಂದೆ ಬಂದ.

"ಇಲ್ಲ ಬುಡಿ ಬುದ್ಧಿ, ಇದನ್ನ ಇನ್ನೂ ಬಿಚ್ಚೇ ಇಲ್ಲ. ದಾರೀಲಿ ತಿಂದು ಮುಗ್ಸುದ್ದು ಇನ್ನೊಂದು ಗಂಟ."