ಧಾರಾವಾಹಿಯಲ್ಲಿ ಕುಕ್ಕರ್ ಕೂಗಿದ್ದು

“ಬರೀ ನಮ್ಮಕ್ಕಂಗೆ ಕಳ್ಸಿದ್ದು ಕಣ್ರೀ!”

“ಅಮೃತೂರಿನ ನಿಮ್ಮಕ್ಕಂಗೆ ಕಳ್ಸೋದೂ ಒಂದೇ, ಬಸ್ ಸ್ಟ್ಯಾಂಡಲ್ಲಿ ಮೈಕ್ ಹಿಡಿಯೋದೂ ಒಂದೇ ಕಣೇ!”

ತುಮಕೂರಿನ ಮನೆಯಲ್ಲಿ ಲಕ್ಷ್ಮೀಕಾಂತ್ ಬೆಳಗಿನಿಂದ ಹೆಂಡತಿ ಪ್ರಮೀಳಾ ಮೇಲೆ ಹಾರಾಡುತ್ತಿದ್ದ. ಕಾರಣವಿತ್ತು. ಅವನ ಅಪ್ಪ, ಗುಬ್ಬಿಯ ನಾಟಕದ ಶಿವಮೂರ್ತಿ, ಒಂದೇ ಒಂದು ಧಾರಾವಾಹಿಯಲ್ಲಿ ಪೋಸ್ಟ್‌ಮಾಸ್ಟರ್ ಪಾತ್ರ ಮಾಡಿ, ಮಗನಿಗೆ ಎರಡು ವರ್ಷವಾಗಿದ್ದಾಗ ತೀರಿಕೊಂಡಿದ್ದರು. ಚಾನೆಲ್‌ನವರು ಆ ಟೇಪಿನ ಮೇಲೆ ಅಡುಗೆ ಕಾರ್ಯಕ್ರಮ ತುಂಬಿಸಿಬಿಟ್ಟಿದ್ದರು. ಉಳಿದದ್ದು, ಕುಣಿಗಲ್ಲಿನ ಅಂಜನಮೂರ್ತಿ ಮೇಷ್ಟ್ರು ಆ ಕಾಲದಲ್ಲೇ ತಮ್ಮನೆ ಟಿವಿಯಿಂದ ರೆಕಾರ್ಡ್ ಮಾಡಿಟ್ಟುಕೊಂಡಿದ್ದ ಎರಡು ಕ್ಯಾಸೆಟ್. ಅಪ್ಪ ಬರುವುದು ಎರಡನೆಯದರಲ್ಲಿ. ಮೊದಲನೆಯದನ್ನು ನೋಡಲು ಕೊಡುವಾಗಲೇ, ಅದು ಮೊಬೈಲಿಗೆ ಹೋದರೆ ಎರಡನೆಯದು ಸಿಗುವುದಿಲ್ಲ ಎಂದು ಮೇಷ್ಟ್ರು ಕಟ್ಟುನಿಟ್ಟಾಗಿ ಹೇಳಿದ್ದರು. ಪ್ರಮೀಳಾ ಟಿವಿ ಮುಂದೆ ಫೋನ್ ಹಿಡಿದು ಪೂರ್ತಿ ಇಳಿಸಿಕೊಂಡು ಅಕ್ಕನಿಗೆ ಕಳಿಸಿದ್ದಳು; ಅದು ಊರೆಲ್ಲ ಹರಡಿತ್ತು.

“ನಮ್ಮನೇದೇ ಅಂತ ಮೇಷ್ಟ್ರಿಗೆ ಹೆಂಗ್ ಗೊತ್ತಾಗುತ್ತೆ, ಬುಡಿ.”

ಗೊತ್ತಾಗಿತ್ತು. ಬಾಗಿಲಲ್ಲೇ ನಿಂತಿದ್ದ ಅಂಜನಮೂರ್ತಿ ತಮ್ಮ ಫೋನಿಗೆ ಬಂದಿದ್ದ ವಿಡಿಯೊ ಒತ್ತಿದರು. ನಾಯಕಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ನಡುವೆ ಕುಕ್ಕರ್ ಮೂರು ಸಲ ಕೂಗಿತು. ಹಿಂದೆಯೇ ಒಂದು ದನಿ: “ರೀ, ಹೆಪ್ಪಿಗೆ ಮೊಸರಿಲ್ಲ, ಈಸ್ಕೊಂಡ್ ಬನ್ನಿ!”

“ಈ ದನಿ ಯಾರ್ದಮ್ಮಾ?”

“ಹೀರೋಯಿನ್‌ದಿರ್ಬೇಕು ಸಾರ್.”

“ಹೀರೋಯಿನ್ ಕಾಡಲ್ಲಿ ಅಳ್ತಾವ್ಳೆ. ಕಾಡಲ್ಲಿ ಕುಕ್ಕರ್ ಯಾರಿಟ್ರು?”

ಪ್ರಮೀಳಾ ಸೋಲಲಿಲ್ಲ. “ನಾಕು ಜನ ನೋಡ್ಲಿ ಅಂತ ಕಳ್ಸಿದ್ದು ತಪ್ಪಾ?”

“ಕೊನೆವರ್ಗೂ ನೋಡಮ್ಮ. ಯಾವನೋ ಕಲಾವಿದ್ರ ಹೆಸ್ರೆಲ್ಲ ಕತ್ತರಿಸವ್ನೆ. ನಿಮ್ಮಾವನ ಹೆಸ್ರಿದ್ದ ಜಾಗದಲ್ಲಿ ಏನದೆ, ಓದು.”

“ಎರಡು ಸೀರೆ ಕೊಂಡರೆ ಒಂದು ಉಚಿತ...”

“ನನ್ ಕ್ಯಾಸೆಟ್ ಈಸ್ಕೊಂಡು ಹೆಸ್ರು ಸಮೇತ ಮತ್ತೆ ತೋರಿಸ್ತೀವಿ ಅಂದಿದ್ದ ಚಾನೆಲ್‌ನೋರು, ಎಲ್ಲಾ ಮೊಬೈಲಲ್ಲೇ ನೋಡವ್ರಲ್ಲ, ಇನ್ಯಾಕೆ ಅಂತಾವ್ರೆ.”

ಮೇಷ್ಟ್ರು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ಪ್ರಮೀಳಾಳ ದನಿ ಇಳಿಯಿತು.

“ತಪ್ಪಾಯ್ತು ಸಾರ್. ಮದ್ವೆಯಾದಾಗಿಂದ ಮಾವನ ಫೋಟೋಗೆ ಹೂ ಹಾಕ್ತಿದೀನಿ. ಇವ್ರಿಗೆ ಅಪ್ಪನ ದನಿ ಹೆಂಗಿತ್ತು ಅಂತ್ಲೇ ಗೊತ್ತಿಲ್ಲ. ಒಂದೇ ಒಂದ್ಸಲ ಕೇಳಿಸ್ಬುಡಿ.”

ಮೇಷ್ಟ್ರು ಹೊಸ್ತಿಲಿಂದ ತಿರುಗಿ ಬಂದು ಚೀಲದಿಂದ ಎರಡನೆಯ ಕ್ಯಾಸೆಟ್ ತೆಗೆದರು.

“ಒಂದ್ಸಲ. ಫೋನೆಲ್ಲ ಅಕ್ಕಿ ಡಬ್ಬಕ್ಕೆ ಹಾಕಿ.”

ಇಬ್ಬರೂ ಹಾಕಿದರು. ಲಕ್ಷ್ಮೀಕಾಂತ್ ಎದೆಯುಬ್ಬಿಸಿ, “ಇನ್ಮೇಲೆ ಈ ಮನೇಲಿ ಕಳ್ಳತನ ನಡಿಯಲ್ಲ ಸಾರ್!” ಎಂದ.

ಕ್ಯಾಸೆಟ್ ಓಡಿತು. ಪರದೆ ನಡುಗಿ ಸರಿಹೋಯಿತು. ಕನ್ನಡಕದ ಪೋಸ್ಟ್‌ಮಾಸ್ಟರ್ ತಲೆಯೆತ್ತಿ ನಕ್ಕರು.

“ಮಗಾ, ನಿಂಗೊಂದು ಕಾಗ್ದ ಬಂದೈತೆ. ತಡ ಆಯ್ತು ಕಣಪ್ಪಾ.”

ಲಕ್ಷ್ಮೀಕಾಂತನಿಗೆ ಅಳು ತಡೆಯಲಾಗಲಿಲ್ಲ. ಮೇಷ್ಟ್ರೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳತೊಡಗಿದರು. ಅಷ್ಟರಲ್ಲಿ ಲಕ್ಷ್ಮೀಕಾಂತನ ಕೈ ಮೆಲ್ಲಗೆ ಪ್ಯಾಂಟಿನ ಜೇಬಿಗಿಳಿದು, ಡಬ್ಬಕ್ಕೆ ಹಾಕದೆ ಉಳಿಸಿಕೊಂಡಿದ್ದ ಆಫೀಸಿನ ಫೋನನ್ನು ಹೊರಗೆಳೆಯಿತು.

ಪ್ರಮೀಳಾ ನೋಡಿದಳು. ಗಂಡನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು:

“ಒಂದ್ನಿಮಿಷ ತಡೀರಿ. ಕುಕ್ಕರ್ ಆಫ್ ಮಾಡ್ ಬತ್ತೀನಿ.”